ಸ್ಕೂಬಾ ಕಲಿಯುವವರ ಕೈಪಿಡಿಗೆ ಕ್ರಿಯಾಪದಗಳು: ‘ಮುಳುಗು’, ‘ಧುಮುಕು’, ‘ನೀರಿಗಿಳಿ’

ಮಾನ್ಯರೇ,

ರಜೆಯಲ್ಲಿ ಉಷ್ಣವಲಯದ ದ್ವೀಪಗಳಿಗೆ ಹೋಗಿ, ಅಲ್ಲಿ ಮೊದಲ ಬಾರಿಗೆ ಸ್ಕೂಬಾ ಡೈವಿಂಗ್ (ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಉಸಿರಾಡುತ್ತ ಈಜುವುದು) ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕಿರುಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಸಲಕರಣೆಗಳ ಹೆಸರುಗಳ ಬಗ್ಗೆ ನನಗೆ ಗೊಂದಲವಿಲ್ಲ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಒದಗಿಸುವ ರೆಗ್ಯುಲೇಟರ್, ಕಣ್ಣು ಮೂಗು ಮುಚ್ಚುವ ಮಾಸ್ಕ್, ಕಾಲಿಗೆ ತೊಡುವ ಫಿನ್ ಇವೆಲ್ಲ ಹಾಗೆಯೇ ಇರಲಿ. ದೋಣಿಯಲ್ಲಿ ಬೋಧಕರು ಹೇಳುವುದೂ ಇವೇ ಹೆಸರುಗಳನ್ನು. ತೊಡಕಿರುವುದು ಕ್ರಿಯಾಪದಗಳಲ್ಲಿ, ಅಂದರೆ ಕಲಿಯುವವರು ತಮ್ಮ ಮೈಯಿಂದ ಏನು ಮಾಡಬೇಕೆಂದು ತಿಳಿಸುವ ಮಾತುಗಳಲ್ಲಿ.

ಮೊದಲನೆಯದು ‘ಡೈವ್ ಮಾಡು’ ಎಂಬುದೇ. ಪತ್ರಿಕೆಗಳಲ್ಲಿ ‘ಮುಳುಗು ತಜ್ಞರು’ ಎಂಬ ಪ್ರಯೋಗ ನೆಲೆಯೂರಿದೆ. ಆದರೆ ಅದು ಬಹುಪಾಲು ನೀರುಪಾಲಾದವರನ್ನು ಹುಡುಕುವ ಸುದ್ದಿಗಳಲ್ಲೇ ಬರುತ್ತದೆ. ‘ಅವನು ಮುಳುಗಿದ’ ಎಂದರೆ ಕೇಳಿದವರ ಎದೆ ಧಸಕ್ಕೆನ್ನುತ್ತದೆ. ‘ಧುಮುಕು’ ಎಂಬುದು ಎತ್ತರದಿಂದ ಹಾರುವುದನ್ನು ಸೂಚಿಸುತ್ತದೆಯೇ ಹೊರತು, ಕಾಲು ಕೆಳಗಾಗಿಸಿ, ಹಗ್ಗ ಹಿಡಿದು, ಹಂತಹಂತವಾಗಿ ಕೆಳಗೆ ಹೋಗುವುದನ್ನಲ್ಲ. ನನ್ನ ಒಲವು ‘ನೀರಿಗಿಳಿ’ ಎಂಬುದರ ಕಡೆಗಿದೆ. ಅದರಲ್ಲಿ ನಿಧಾನವೂ ಇದೆ, ಇಳಿದವರು ಮತ್ತೆ ಏರಿ ಬರುತ್ತಾರೆಂಬ ಭರವಸೆಯೂ ಇದೆ. ಆದರೆ ‘ಮೂರು ಡೈವ್’ ಎಂಬುದನ್ನು ‘ಮೂರು ಇಳಿತ’ ಎಂದರೆ ಓದುಗರಿಗೆ ಒಗ್ಗೀತೇ?

ಎರಡನೆಯದು ಕಿವಿಗೆ ಸಂಬಂಧಿಸಿದ್ದು. ಪ್ರತಿ ಹತ್ತು ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದರಿಂದ, ಇಳಿಯತೊಡಗಿದ ಒಂದೆರಡು ಮೀಟರುಗಳಲ್ಲೇ ಕಿವಿಯ ತಮಟೆ ಒಳಮುಖವಾಗಿ ಒತ್ತಿಕೊಳ್ಳುತ್ತದೆ. ಆಗ ಮಾಸ್ಕಿನ ಮೇಲಿಂದಲೇ ಮೂಗನ್ನು ಬೆರಳುಗಳಿಂದ ಮುಚ್ಚಿ, ಬಾಯಿ ತೆರೆಯದೆ, ಮೃದುವಾಗಿ ಊದಿದರೆ ಗಂಟಲಿನಿಂದ ಗಾಳಿ ನಡುಗಿವಿಯನ್ನು ಸೇರಿ ಒಳಹೊರಗಿನ ಒತ್ತಡ ಸರಿಹೊಂದುತ್ತದೆ. ಇದಕ್ಕೆ ‘ಒತ್ತಡ ಸಮೀಕರಣ’ ಎಂದು ಬರೆದರೆ ಗಣಿತದ ಪಾಠ ನೆನಪಾಗುತ್ತದೆ. ಘಟ್ಟ ಇಳಿಯುವಾಗ ನಮ್ಮ ಜನ ‘ಕಿವಿ ಕಟ್ಟಿತು’, ‘ಕಿವಿ ಬಿಟ್ಟಿತು’ ಎನ್ನುತ್ತಾರಲ್ಲವೇ, ಅದೇ ಜಾಡಿನಲ್ಲಿ ‘ಕಿವಿ ಬಿಡಿಸಿಕೊಳ್ಳಿ’ ಎಂಬುದನ್ನು ಬಳಸಬಹುದೆಂದು ನನ್ನ ಅನಿಸಿಕೆ. ನೋವು ಬರುವ ಮೊದಲೇ ಬಿಡಿಸಿಕೊಳ್ಳಬೇಕು, ಬಿಡದಿದ್ದರೆ ಜೋರಾಗಿ ಊದದೆ ತುಸು ಮೇಲಕ್ಕೆ ಬಂದು ಮತ್ತೆ ಪ್ರಯತ್ನಿಸಬೇಕು ಎಂಬ ಎಚ್ಚರಿಕೆಯೂ ಈ ಪದದೊಂದಿಗೆ ಸಲೀಸಾಗಿ ಸೇರುತ್ತದೆ.

ನಾಮಪದಗಳಲ್ಲಿ ಒಂದರ ಬಗ್ಗೆ ಮಾತ್ರ ನನಗೆ ನಿಜವಾದ ಕಳವಳವಿದೆ, ಅದು ‘ಆಮ್ಲಜನಕದ ಸಿಲಿಂಡರ್’. ಹೊಸದಾಗಿ ಕಲಿಯುವವರ ಬೆನ್ನಿಗೆ ಸಾಮಾನ್ಯವಾಗಿ ಕಟ್ಟುವುದು ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿದ ಸಿಲಿಂಡರು. ಅದರಲ್ಲಿ ಆಮ್ಲಜನಕ ಸುಮಾರು 21%, ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಸಾರಜನಕ. ಶುದ್ಧ ಆಮ್ಲಜನಕವನ್ನು ಆರು ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಅದು ನರಮಂಡಲಕ್ಕೆ ವಿಷವಾಗಿ ಸೆಳವು (ಫಿಟ್ಸ್) ಬರಬಹುದು. ಆದ್ದರಿಂದ ‘ಗಾಳಿಯ ಸಿಲಿಂಡರ್’ ಎಂದೇ ಬರೆಯಬೇಕೆಂದು ಆಗ್ರಹಿಸುತ್ತೇನೆ. ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲೆಂದೇ ನಿಧಾನವಾಗಿ ಮೇಲೆ ಬರಬೇಕು ಎಂಬ ಪಾಠ ಮುಂದೆ ಬರುವಾಗ, ಸಿಲಿಂಡರಿನಲ್ಲಿ ಬರೀ ಆಮ್ಲಜನಕವಿದೆಯೆಂದು ನಂಬಿದವರಿಗೆ ಆ ಸಾರಜನಕ ಎಲ್ಲಿಂದ ಬಂತೆಂಬುದೇ ಅರ್ಥವಾಗದು.

ಮೇಲೆ ಬರುವುದಕ್ಕೆ ಯಾವ ಪದ? ‘ತೇಲಿ ಬಾ’ ಎಂಬುದು ಬೇಡ. ಅದರ ನೆರಳು ಶುಭವಲ್ಲ, ಜೊತೆಗೆ ತಾನಾಗಿ ಮೇಲೇಳುವ ಸೂಚನೆಯೂ ಅದರಲ್ಲಿದೆ. ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗವಾಗಿ ಬರಬಾರದು, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ತಂಗಬೇಕು, ಎಲ್ಲಿಯೂ ಉಸಿರು ಬಿಗಿಹಿಡಿಯಬಾರದು ಎಂದು ಕಲಿಸುವಾಗ ‘ಏರಿ ಬಾ’ ಎಂಬುದೇ ಸರಿಯೆನಿಸುತ್ತದೆ. ಹತ್ತು ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬಿದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಹಿಡಿದವರ ಶ್ವಾಸಕೋಶ ಹರಿಯಬಹುದು. ಅಂದಹಾಗೆ, ನೀರಿನಡಿಯ ಸನ್ನೆಭಾಷೆಯಲ್ಲಿ ಹೆಬ್ಬೆರಳು ಮೇಲೆತ್ತಿದರೆ ‘ಏರೋಣ’ ಎಂದರ್ಥ. ‘ಚೆನ್ನಾಗಿದ್ದೇನೆ’ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳನ್ನು ಉಂಗುರದಂತೆ ಜೋಡಿಸಬೇಕು. ಕೈಪಿಡಿಯಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕುತ್ತೇನೆ.

ಒಂದು ಕ್ರಿಯೆಗೆ ಮಾತ್ರ ನನಗೆ ಒಪ್ಪುವ ಪದ ಸಿಕ್ಕಿಲ್ಲ. ಕೆಳಗೂ ಇಳಿಯದೆ, ಮೇಲಕ್ಕೂ ಏರದೆ, ಹವಳದ ದಿಬ್ಬಕ್ಕೆ ಕಾಲು ತಾಗದಂತೆ ನೀರಿನ ನಡುವೆ ನಿಲ್ಲುವುದು ಈ ಕಲಿಕೆಯಲ್ಲಿ ಅತ್ಯಂತ ನಾಜೂಕಿನ ಭಾಗ. ಮೈಗೆ ತೊಟ್ಟ, ಗಾಳಿ ತುಂಬಬಹುದಾದ ಜಾಕೆಟ್ಟಿಗೆ ಚೂರು ಗಾಳಿ ತುಂಬಿಸಿ, ಉಳಿದದ್ದನ್ನು ಉಸಿರಿನಿಂದಲೇ ಹದಗೊಳಿಸಬೇಕು. ‘ತಟಸ್ಥ ತೇಲುವಿಕೆ’ ಎಂದರೆ ಪಾಠಪುಸ್ತಕದ ಭಾಷೆಯಾಗುತ್ತದೆ, ‘ತೇಲು’ ಎಂದರೆ ನೀರಿನ ಮೇಲಿರುವುದೆಂದು ಓದುಗರು ತಿಳಿಯುತ್ತಾರೆ. ‘ತೂಗಿ ನಿಲ್ಲು’ ಎಂದು ಸದ್ಯಕ್ಕೆ ಬರೆದಿಟ್ಟುಕೊಂಡಿದ್ದೇನೆ. ಮೀನುಗಾರಿಕೆಯ ಅಥವಾ ದೋಣಿ ನಡೆಸುವವರ ಆಡುಮಾತಿನಲ್ಲಿ ಈ ಸ್ಥಿತಿಗೆ ಬೇರೆ ಮಾತು ಬಳಕೆಯಲ್ಲಿದ್ದರೆ, ಅದನ್ನು ಬಳಸುವ ಒಂದು ಪೂರ್ಣ ವಾಕ್ಯದೊಂದಿಗೆ ದಯವಿಟ್ಟು ತಿಳಿಸುವಿರಾ?