ಸಹಾಯ ಬೇಕು: ಹೀಟ್ ಪಂಪ್ ಗೀಸರ್‌ಗೆ ಡಕ್ಟ್ (ಗಾಳಿ ಹೋಗೋ ಪೈಪ್) ಒಂದು ಸಾಕಾ, ಎರಡು ಬೇಕಾ?

ಹಳೇ ಕಾಯಿಲ್ ಗೀಸರ್ ತೆಗೆಸಿ 200 ಲೀಟರ್ ಹೀಟ್ ಪಂಪ್ (ಸುತ್ತಲಿನ ಗಾಳಿಯ ಶಾಖ ಎಳ್ಕೊಂಡು ನೀರು ಕಾಯಿಸಿ, ತಣ್ಣಗಾದ ಗಾಳೀನ ಹೊರಗೆ ಬಿಡೋ ಗೀಸರ್) ಹಾಕಿಸಿದೀವಿ. ಇಟ್ಟಿರೋದು ಚಿಕ್ಕ ಸ್ಟೋರ್ ರೂಮಲ್ಲಿ, 8 ಘನ ಮೀಟರ್ ಅಷ್ಟೇ. ತಾನು ಬಿಟ್ಟ ತಣ್ಣನೆ ಗಾಳೀನೇ ಮತ್ತೆ ಎಳ್ಕೊಳ್ಳುತ್ತೆ, ನೀರು 45 ಡಿಗ್ರಿ ದಾಟೋ ಮುಂಚೆನೇ ಬ್ಯಾಕಪ್ ಕಾಯಿಲ್ ಆನ್ ಆಗುತ್ತೆ. ಕಾಯಿಲ್ ಓಡಿದ್ರೆ ಕರೆಂಟ್ ಉಳಿತಾಯ ಅಲ್ಲಿಗೇ ಹೋಯ್ತು.

ಫಿಲ್ಟರ್ ತೊಳೆದಾಯ್ತು. ಸೆಟ್ಟಿಂಗ್ 60ರಿಂದ 55ಕ್ಕೆ ಇಳಿಸಿದ್ದಾಯ್ತು (ಬ್ಯಾಕ್ಟೀರಿಯಾ ಬೆಳೀಬಾರದು ಅಂತ ವಾರಕ್ಕೊಮ್ಮೆ 60 ಮುಟ್ಟಿಸ್ತೀವಿ). ಬಾಗಿಲು ಪೂರ್ತಿ ತೆಗೆದಿಟ್ರೆ ಮಾತ್ರ ಸರಿಯಾಗಿ ಕಾಯುತ್ತೆ, ಆದ್ರೆ ಪಕ್ಕದ ಕೋಣೆಯೆಲ್ಲಾ ತಣ್ಣಗಾಗುತ್ತೆ.

ತಣ್ಣನೆ ಗಾಳಿಗೆ ಮಾತ್ರ 160 ಮಿಲಿಮೀಟರ್ ಡಕ್ಟ್ ಹಾಕಿ ಹೊರಗೆ ಬಿಟ್ಟು, ಬಾಗಿಲಿಗೆ ಜಾಲರಿ ಕೂರಿಸಿದ್ರೆ ಸಾಕಾ? ಇಲ್ಲಾ ಒಳಗೆ ಬರೋ ಗಾಳಿಗೂ ಹೊರಗಿನಿಂದಲೇ ಡಕ್ಟ್ ಬೇಕಾ? ದಾರೀಲಿ ಎರಡು ಬೆಂಡ್ ಬರುತ್ತೆ, ಒಳಗಿನ ಫ್ಯಾನ್ ಅಷ್ಟು ತಳ್ಳುತ್ತಾ? ಹಾಕಿಸಿ ಅನುಭವ ಇರೋರು ದಯವಿಟ್ಟು ಹೇಳಿ.