ಹಸು ಮೂರು ಸಲ ರಿಪೀಟ್ ಆಯ್ತು, ತಪ್ಪು ಸೆಮೆನ್‌ದಾ, ಮೊಟ್ಟೆದಾ?

ಪ್ರಶ್ನೆ (ಚನ್ನರಾಯಪಟ್ಟಣ ತಾಲ್ಲೂಕಿನ ರೈತ ಮಹಿಳೆ):
ಡಾಕ್ಟರ್ ಸಾರ್, ನಮ್ದು ಎಚ್.ಎಫ್ ಹಸು, ಮೂರನೇ ಸೂಲು. ಯುಗಾದಿಗೆ ವಾರ ಮುಂಚೆ ಕರು ಹಾಕ್ತು. ಮಾಸು ತಾನಾಗೇ ಬಿತ್ತು. ದಿನಕ್ಕೆ 18 ಲೀಟರ್ ಹಾಲು. 50 ದಿನಕ್ಕೆ ಬೆದೆಗೆ ಬಂತು, ಸೆಮೆನ್ ಹಾಕಿಸ್ದೆ. 21 ದಿನಕ್ಕೆ ಸರಿಯಾಗಿ ಮತ್ತೆ ಬಂತು. ಹಿಂಗೇ ಮೂರು ಸಲ. ಸೋರೋ ಲೋಳೆ ಗಾಜಿನ ಥರ ತಿಳಿಯಾಗೈತೆ, ಕೈ ಹಾಕಿ ನೋಡಿದ ಡಾಕ್ಟರು ಗರ್ಭಕೋಶ ಚೆನ್ನಾಗೈತೆ ಅಂದ್ರು. ಮನೇಲಿ ಸೆಮೆನ್ನೇ ಸರಿ ಇಲ್ಲ ಅಂತಾರೆ. ಹಾಸನದಲ್ಲಿ ಓದ್ತಿರೋ ನಮ್ಮಣ್ಣನ ಮಗಳು, ಮೊಟ್ಟೆಯೊಳಗೆ ಜೀನು ಸರಿಯಾಗಿ ಕೆಲಸ ಮಾಡದಿದ್ರೂ ಹಿಂಗಾಗುತ್ತೆ ಅಂದ್ಲು. ಹಂಗಂದ್ರೇನು ಸಾರ್? ಹಸು ಮಾರಿಬಿಡ್ಲಾ?

ಪಶುವೈದ್ಯರು:
ಮಾರೋ ಮಾತು ಈಗಲೇ ಬೇಡ ತಾಯಿ. ಮೊದಲು ಒಂದು ಹೇಳಿ: ಕರು ಹಾಕಿದ ಮೊದಲ ತಿಂಗಳು ಡೈರಿಯಲ್ಲಿ ಫ್ಯಾಟ್ ಎಷ್ಟು ಬರ್ತಿತ್ತು? ಹಸು ಮೈ ಇಳಿದಿತ್ತಾ?

ರೈತ ಮಹಿಳೆ:
4.9 ಬಂದಿತ್ತು ಸಾರ್, ಖುಷಿಪಟ್ಟಿದ್ವಿ. ಈಗ 3.6. ಆಗ ಪಕ್ಕೆಲುಬು ಎಣಿಸಬಹುದಿತ್ತು.

ಪಶುವೈದ್ಯರು:
ಆ ಫ್ಯಾಟ್ ಬಹುಪಾಲು ಮೇವಿಂದ ಬಂದಿದ್ದಲ್ಲ, ಹಸುವಿನ ಮೈಯಿಂದ ಕರಗಿ ಬಂದಿದ್ದು. ತಿಂದದ್ದು 18 ಲೀಟರಿಗೆ ಸಾಲದೆ ಅದು ತನ್ನ ಕೊಬ್ಬನ್ನೇ ಕರಗಿಸಿ ಹಾಲಿಗಿಳಿಸ್ತು.

ಈಗ ಮೊಟ್ಟೆ ವಿಷಯ. ಹಸುವಿನ ಅಂಡಾಶಯದಲ್ಲಿ ಪೂರ್ತಿ ಬೆಳೆದ ಮೊಟ್ಟೆ ರಾಗಿ ಕಾಳಿನ ಹತ್ತನೇ ಒಂದು ಪಾಲಿನಷ್ಟೂ ಇರೋದು ಕಷ್ಟ, ಸುಮಾರು 0.12 ಮಿಲಿಮೀಟರ್. ಆದ್ರೆ ಅದು ಬೆಳೆಯೋಕೆ ತಿಂಗಳುಗಳೇ ಬೇಕು. ಆ ದಿನಗಳಲ್ಲಿ ಅದರೊಳಗಿನ ಜೀನುಗಳು ಬಿಡುವಿಲ್ಲದೆ ನಕಲು ಆಗಿ, ಪ್ರೋಟೀನು ಹೇಗೆ ಮಾಡ್ಬೇಕು ಅಂತ ಹೇಳೋ ಚೀಟಿಯಂಥ ಆರ್‌ಎನ್‌ಎ ಆಗ್ತಾ ಇರ್ತವೆ. ಇದನ್ನೇ ಜೀನ್ ಅಭಿವ್ಯಕ್ತಿ ಅನ್ನೋದು. ಜೀನು ಇರೋದು ಬೇರೆ, ಅದು ಹೊತ್ತಿಗೆ ಸರಿಯಾಗಿ ದುಡಿಯೋದು ಬೇರೆ. ಬಿಎಂಪಿ15, ಜಿಡಿಎಫ್9 ಅಂತ ಎರಡು ಜೀನು ಇವೆ, ಅವುಗಳಿಂದ ತಯಾರಾಗೋ ಪ್ರೋಟೀನು ಮೂಲಕ ಮೊಟ್ಟೆ ತನ್ನ ಸುತ್ತಲಿನ ಜೀವಕೋಶಗಳಿಗೆ ಹೇಗೆ ಬೆಳೀಬೇಕು ಅಂತ ಹೇಳಿಕೊಡುತ್ತೆ.

ಮೊಟ್ಟೆ ಬೆಳೆದು ಮುಗಿದ ಮೇಲೆ ನಕಲು ಮಾಡೋದು ಹೆಚ್ಚುಕಮ್ಮಿ ನಿಂತುಹೋಗುತ್ತೆ. ಕಣಜ ತುಂಬಿ ಬಾಯಿ ಮುಚ್ಚಿದ ಹಾಗೆ. ವೀರ್ಯಾಣು ಸೇರಿ ಭ್ರೂಣ ಎರಡು, ನಾಲ್ಕು, ಎಂಟು ಕೋಶ ಆಗೋವರೆಗೂ ತಾಯಿ ಕೂಡಿಟ್ಟ ಆ ಆರ್‌ಎನ್‌ಎ, ಪ್ರೋಟೀನಿನ ಮೇಲೇ ಬದುಕೋದು. ಹಸುವಿನಲ್ಲಿ ಭ್ರೂಣದ ಸ್ವಂತ ಜೀನು ಪೂರಾ ಎಚ್ಚರಾಗೋದು 8ರಿಂದ 16 ಕೋಶದ ಹೊತ್ತಿಗೆ, ಮೂರು ನಾಲ್ಕು ದಿನಕ್ಕೆ. ಕಣಜದಲ್ಲಿ ಕೊರತೆ ಇದ್ರೆ ಭ್ರೂಣ ಅಲ್ಲೇ ಸೋಲುತ್ತೆ. ಗಬ್ಬದ ಸುದ್ದಿ ತಾಯಿ ದೇಹಕ್ಕೆ ಮುಟ್ಟೋದು 16, 17ನೇ ದಿನಕ್ಕೆ. ಅದಕ್ಕೂ ಮುಂಚೆ ಭ್ರೂಣ ಹೋದ್ರೆ ಹಸು 21ಕ್ಕೆ ಸರಿಯಾಗಿ ಬೆದೆಗೆ ಬರುತ್ತೆ, ನಾವು ಗಬ್ಬವೇ ಕಟ್ಟಿಲ್ಲ ಅಂದ್ಕೊಳ್ತೀವಿ.

ಮೈ ಕೊಬ್ಬು ಕರಗುವಾಗ ರಕ್ತದಲ್ಲಿ ಹೆಚ್ಚೋ ಕೊಬ್ಬಿನಾಮ್ಲ, ಮೊಟ್ಟೆ ಈಜಾಡೋ ನೀರಿಗೂ ಸೇರುತ್ತೆ. ಅದರಿಂದ ಮೊಟ್ಟೆಯ ಜೀನ್ ಅಭಿವ್ಯಕ್ತಿ ಬದಲಾಗೋದನ್ನ ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಕರು ಹಾಕಿದ ಹೊಸದರಲ್ಲಿ ಸೊರಗಿದಾಗ ಬೆಳೆಯುತ್ತಿದ್ದ ಮೊಟ್ಟೆ ಎರಡು ಮೂರು ತಿಂಗಳಾದ ಮೇಲೆ ಹೊರಬಂದು ಸೋಲುತ್ತೆ ಅನ್ನೋ ವಿಚಾರವನ್ನ 1992ರಲ್ಲೇ ಅಮೆರಿಕದ ಪಶು ವಿಜ್ಞಾನಿ ಜಾಕ್ ಬ್ರಿಟ್ ಮುಂದಿಟ್ಟಿದ್ರು. ನಿಮ್ಮ ಹಸುವಿನ ಲೆಕ್ಕ ಅದಕ್ಕೆ ಹೊಂದುತ್ತೆ ಅಂತ ನನ್ನ ಅಂದಾಜು. ಮೇಲೆ ಏಪ್ರಿಲ್ ಬಿಸಿಲು, ಅದೂ ಮೊಟ್ಟೆಗೆ ಪೆಟ್ಟು. ಆ ಮೊಟ್ಟೆಗಳ ಸರದಿ ಮುಗೀತಾ ಬಂತು, ಮುಂದಿನವು ಈಗ ತಿಂದುಂಡಿರೋ ಮೈಯಲ್ಲಿ ಬೆಳೆದವು.

ಕಡೂರಿನ ಯುವ ರೈತ:
ಸಾರ್, ಇದಕ್ಕೆ ಜೀನ್ ಟೆಸ್ಟ್ ಮಾಡಿಸಬಹುದಾ?

ಪಶುವೈದ್ಯರು:
ಆಗಲ್ಲ ತಮ್ಮ. ರಕ್ತ, ಕೂದಲಿನ ಟೆಸ್ಟು ಹುಟ್ಟಿನಿಂದ ಬಂದ ಡಿಎನ್‌ಎ ಹೇಳುತ್ತೆ, ಅಷ್ಟೇ. ಮೊಟ್ಟೆಯ ಆರ್‌ಎನ್‌ಎ ನೋಡಬೇಕಾದ್ರೆ ಆ ಮೊಟ್ಟೆಯನ್ನೇ ಒಡೀಬೇಕು. ದುಡ್ಡು ಮೇವಿಗೆ ಹಾಕು.

ರೈತ ಮಹಿಳೆ:
ಹಂಗಾದ್ರೆ ಮುಂದಿನ ಬೆದೆಗೆ ಹಾಕಿಸ್ಲಾ ಸಾರ್?

ಪಶುವೈದ್ಯರು:
ಹಾಕಿಸಿ. ಬೆಳಿಗ್ಗೆ ಬೆದೆ ಕಂಡ್ರೆ ಸಂಜೆ, ಸಂಜೆ ಕಂಡ್ರೆ ಮಾರನೇ ಬೆಳಿಗ್ಗೆ. ಮೊಟ್ಟೆ ಬಿಡೋದು ಬೆದೆ ನಿಂತು 10, 12 ಗಂಟೆ ಆದ ಮೇಲೆ, ಆದ್ರಿಂದ ಕೂಗಿದ ಕೂಡಲೇ ಓಡಬೇಡಿ. ಲೋಳೆಯಲ್ಲಿ ಬಿಳಿ ಚೂರು ಕಂಡ್ರೆ ಮಾತ್ರ ಹಾಕಿಸದೆ ಔಷಧಿ ಮಾಡಿಸಿ. ಸೆಮೆನ್ ಹಾಕಿಸಿದ ಮಾರನೇ ದಿನವೂ ಬೆದೆ ಇದ್ರೆ ಡಾಕ್ಟರ ಕೈಲಿ ಮತ್ತೆ ನೋಡಿಸಿ, ಮೊಟ್ಟೆ ಬಿಡೋದೇ ತಡ ಆಗ್ತಿರಬಹುದು.

ರೈತ ಮಹಿಳೆ:
ಇನ್ನೊಂದು ಹಸು ಗೌರಿ ಹಬ್ಬದ ಹೊತ್ತಿಗೆ ಕರು ಹಾಕುತ್ತೆ ಸಾರ್. ಬತ್ತಿಸಿದೀವಿ, ಬರೀ ರಾಗಿ ಹುಲ್ಲು ಹಾಕ್ತಿದೀವಿ.

ಪಶುವೈದ್ಯರು:
ಅದರ ಮುಂದಿನ ಗಬ್ಬ ಇವತ್ತಿಂದಲೇ ಶುರು ಅಂದ್ಕೊಳ್ಳಿ. ರಾಗಿ ಹುಲ್ಲಿನ ಜೊತೆ ಹಸಿ ಮೇವು, ಖನಿಜ ಮಿಶ್ರಣ ಕೊಡಿ, ಆದ್ರೆ ಕೊಬ್ಬಿಸಬೇಡಿ. ಮೈ ದಪ್ಪ ಆದ ಹಸು ಕರು ಹಾಕಿದ ಮೇಲೆ ಮೇವು ಬಿಡುತ್ತೆ, ಇನ್ನೂ ಜೋರಾಗಿ ಸೊರಗುತ್ತೆ. ಕರು ಹಾಕೋಕೆ ಮೂರು ವಾರ ಇರುವಾಗ ಫೀಡ್ ಶುರುಮಾಡಿ, ದಿನಾ ಸ್ವಲ್ಪ ಸ್ವಲ್ಪ ಏರಿಸಿ. ಕರು ಹಾಕಿದ ಮೇಲೆ ಮೈಗೆ ಅಂತ ಒಂದೂವರೆ ಕೆಜಿ, ಹಾಲಿಗೆ ಲೀಟರಿಗೆ 400 ಗ್ರಾಂ. ಒಮ್ಮೆಲೇ ಹೆಚ್ಚಿಸಿದ್ರೆ ಹೊಟ್ಟೆ ಕೆಡುತ್ತೆ. ವಾರಕ್ಕೊಮ್ಮೆ ಡೈರಿ ಚೀಟಿಯ ಫ್ಯಾಟ್ ಬರೆದಿಡಿ, ಮೊದಲ ತಿಂಗಳಲ್ಲಿ ಅದು ಏರಿ ಪಕ್ಕೆ ಇಳಿದ್ರೆ ನನಗೆ ಆವತ್ತೇ ತಿಳಿಸಿ.