ಪುಟ್ಟಿಗೆ ಅತ್ತೆಯ ಉತ್ತರ: ಹ್ಯಾಲೋವೀನ್ ಚೀಲದ ಲೆಕ್ಕ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಬೆರಳು ನೋಯುತ್ತೆ, ಅದಕ್ಕೇ ಟೈಪ್ ಮಾಡದೆ ಮಾತಾಡಿಬಿಡುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಅಡುಗೆ ಮಾಡ್ತಾ ಕೇಳಿಸಿಕೋ.

ಗೃಹಪ್ರವೇಶದಲ್ಲಿ ಮಿಕ್ಕ ತಾಂಬೂಲದ ಚೀಲಗಳಲ್ಲೇ ಹ್ಯಾಲೋವೀನ್‌ಗೆ ಚಾಕೊಲೇಟ್ ಹಾಕಿ ಕೊಡಲಾ ಅಂತ ಕೇಳಿದ್ದೀಯ. ಬೇಡ. ಅದರ ಮೇಲೆ ಗಣಪತಿ ಇದ್ದಾನೆ ಕಣೇ. ಆ ಮಕ್ಕಳು ಓಡುವ ರಭಸಕ್ಕೆ ಅರ್ಧ ಚೀಲ ರಸ್ತೆಯಲ್ಲೇ ಬಿದ್ದಿರುತ್ತವೆ. ಅವನ್ನು ಅರಿಶಿನ ಕುಂಕುಮಕ್ಕೆ ಎತ್ತಿಡು.

ಅಮ್ಮ, ಮೈಸೂರಿಂದ ನೀನೂ ಕೇಳ್ತಿದ್ದೀಯ ಅಂತ ಗೊತ್ತು. ಹ್ಯಾಲೋವೀನ್ ಅಂದರೆ, ಅಕ್ಟೋಬರ್ 31ರ ಸಂಜೆ ಇಲ್ಲಿ ಅಮೆರಿಕದಲ್ಲಿ ಮಕ್ಕಳು ದೆವ್ವ, ಭೂತದ ವೇಷ ಹಾಕಿಕೊಂಡು ಮನೆಮನೆ ಬಾಗಿಲಿಗೆ ಬರುತ್ತಾರೆ. ಸಿಹಿ ಕೊಟ್ಟು ಕಳಿಸಬೇಕು. ಅಷ್ಟೇ. ನಿನ್ನ ಮೊಮ್ಮಗಳಿಗೇನೂ ದೆವ್ವ ಹಿಡಿದಿಲ್ಲ.

ನಾನು ನ್ಯೂಜೆರ್ಸಿಯ ಎಡಿಸನ್‌ಗೆ ಬಂದ ಮೊದಲ ವರ್ಷ ಏನು ಮಾಡಿದ್ದೆ ಗೊತ್ತಾ? ರಾತ್ರಿಯೆಲ್ಲ ಕೂತು ಕೊಬ್ಬರಿ ಮಿಠಾಯಿ ಮಾಡಿ, ಒಂದೊಂದನ್ನೂ ಫಾಯಿಲ್‌ನಲ್ಲಿ ಸುತ್ತಿ ಕೊಟ್ಟೆ. ಬೆಳಿಗ್ಗೆ ವಾಕಿಂಗ್ ಹೋದರೆ ಮೂಲೆಯ ಕಸದ ಡಬ್ಬಿಯಲ್ಲಿ ನನ್ನ ಮಿಠಾಯಿ! ಕಣ್ಣಲ್ಲಿ ನೀರೇ ಬಂತು. ಆಮೇಲೆ ಪಕ್ಕದ ಮನೆಯಾಕೆ ಮೆತ್ತಗೆ ಹೇಳಿದಳು: ಮನೆಯಲ್ಲಿ ಮಾಡಿದ್ದು, ಕಂಪನಿ ಪ್ಯಾಕ್ ಇಲ್ಲದ್ದು ಯಾವುದನ್ನೂ ತಾಯಂದಿರು ತಿನ್ನಲು ಬಿಡಲ್ಲ ಅಂತ. ಹಾಗಾಗಿ ಸೀಲ್ ಆಗಿರೋದನ್ನೇ ಕೊಡು.

ಈಗ ಖರ್ಚಿನ ವಿಷಯ. ಅಂಗಡಿಯ ತಲೆಬುರುಡೆ ಚೀಲ, ಹೊಳೆಯೋ ರಿಬ್ಬನ್, ಅದೆಲ್ಲ ದುಡ್ಡು ದಂಡ. ಬಂದ ಮಗು ಚೀಲದ ಕಡೆ ನೋಡೋದೇ ಇಲ್ಲ. ನಾನು ಮಾಡೋದು ಲಾಲಿಪಾಪ್ ದೆವ್ವ. ಕಾಗದ ಸುತ್ತಿರೋ ಲಾಲಿಪಾಪ್‌ನ ದೊಡ್ಡ ಪ್ಯಾಕೆಟ್ ತಗೋ. ಸುತ್ತಿದ ಕಾಗದ ಬಿಚ್ಚಬೇಡ. ಅದರ ಮೇಲೆ ಒಂದು ಬಿಳಿ ಟಿಶ್ಯೂ ಹೊದಿಸು, ಕತ್ತಿನ ಹತ್ತಿರ ಹೂ ಕಟ್ಟುವ ದಾರದಿಂದ ಎರಡು ಸುತ್ತು ಬಿಗಿದು ಗಂಟು ಹಾಕು. ಕಣ್ಣಿಗೆ ಕಪ್ಪು ಮಾರ್ಕರ್. ಆದರೆ ಗೀಚಬೇಡ, ಟಿಶ್ಯೂ ಮಸಿ ಹೀರಿಕೊಂಡು ಕಾಡಿಗೆ ಹರಡಿದ ಹಾಗೆ ಆಗುತ್ತೆ. ತುದಿ ತಾಗಿಸಿ ತಕ್ಷಣ ಎತ್ತಿಬಿಡು. ಬಾಲ್ ಪೆನ್ ಆದರೆ ಹರಿದೇ ಹೋಗುತ್ತೆ. ಮೊದಲ ಹತ್ತು ದೆವ್ವಗಳಿಗೆ ಮೆಳ್ಳೆಗಣ್ಣು ಬರುತ್ತೆ, ಪರವಾಗಿಲ್ಲ, ಮಕ್ಕಳಿಗೆ ಅವೇ ಜಾಸ್ತಿ ಇಷ್ಟ.

ನಿಜವಾದ ಚೀಲ ಬೇಕಾದರೆ ಅಕ್ಕಪಕ್ಕದ ಗೊತ್ತಿರೋ ಏಳೆಂಟು ಮಕ್ಕಳಿಗೆ ಮಾತ್ರ ಮಾಡು. ಊಟದ ಡಬ್ಬಿಯ ಬದಲು ಬಳಸೋ ಕಂದು ಕಾಗದದ ಚೀಲ ಸಾಕು. ಬಾಯಿ ಮಡಚಿ ಒಂದು ಸ್ಟೇಪಲ್. ಒಳಗೆ ಎರಡು ಚಿಕ್ಕ ಚಾಕೊಲೇಟ್, ಒಂದು ಪೆನ್ಸಿಲ್. ಪೆನ್ಸಿಲ್‌ಗೆ ಡಾಲರ್ ಟ್ರೀ ಅಂಗಡಿ ನೋಡು. ಹೆಸರು ಡಾಲರ್, 2021ರ ಕೊನೆಯಲ್ಲಿ ರೇಟು 1.25 ಡಾಲರ್ ಮಾಡಿದರು, ಆದರೂ ಅಗ್ಗವೇ.

ಹಾಂ, ಪೆನ್ಸಿಲ್ ಸುಮ್ನೆ ಹೇಳಿದ್ದಲ್ಲ. ಇಲ್ಲಿ ಕಡಲೆಕಾಯಿ ಅಲರ್ಜಿ ಇರೋ ಮಕ್ಕಳು ಬಹಳ. ಕೆಲವು ಮನೆ ಮುಂದೆ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಕಂಡರೆ, ತಿನ್ನೋದಲ್ಲದ ಉಡುಗೊರೆಯೂ ಇಲ್ಲಿದೆ ಅಂತ ಅರ್ಥ. ಫೇರ್ ಅನ್ನೋ ಅಲರ್ಜಿ ಸಂಸ್ಥೆ 2014ರಲ್ಲಿ ಇದನ್ನು ದೇಶದ ತುಂಬಾ ಶುರುಮಾಡಿತು. ಬಣ್ಣ ಬಳಿಯೋಕೆ ಹೋಗಬೇಡ, ಅದೇ ಬಣ್ಣದ ಕಾಗದದಲ್ಲಿ ಒಂದು ಕುಂಬಳಕಾಯಿ ಕತ್ತರಿಸಿ ಬಾಗಿಲಿಗೆ ಅಂಟಿಸು. ಪೆನ್ಸಿಲ್, ಸ್ಟಿಕ್ಕರ್ ಬೇರೆ ಬುಟ್ಟಿಯಲ್ಲಿರಲಿ, ಚಾಕೊಲೇಟ್ ಜೊತೆ ಬೆರೆಸಬೇಡ. ಇನ್ನೊಂದು, ಜೆಲ್ಲಿ ಥರದ ಮಿಠಾಯಿಗಳಲ್ಲಿ ಹೆಚ್ಚಾಗಿ ಜೆಲಟಿನ್ ಇರುತ್ತೆ, ಅದು ಪ್ರಾಣಿಯಿಂದ ಬಂದದ್ದು. ನಮ್ಮ ಸಸ್ಯಾಹಾರಿ ಮಕ್ಕಳೂ ಬರ್ತಾರಲ್ಲ, ಕವರ್ ಓದಿ ತಗೋ.

ಎಷ್ಟು ಮಾಡಬೇಕು ಅಂತ ಪಕ್ಕದ ಮನೆಯವರನ್ನೇ ಕೇಳು, ನಿಮ್ಮ ಬೀದಿ ಅವರಿಗೇ ಗೊತ್ತು. ಕತ್ತಲಾಗುತ್ತಲೇ ಬಾಗಿಲ ದೀಪ ಹಾಕು, ಇಲ್ಲದಿದ್ದರೆ ಯಾರೂ ಬರಲ್ಲ. ಮಿಠಾಯಿ ಮುಗಿಯಿತಾ, ದೀಪ ಆರಿಸಿ ಒಳಗೆ ಕೂತ್ಕೋ.

ಶನಿವಾರ ಮಧ್ಯಾಹ್ನ ಬಾ, ಒಟ್ಟಿಗೆ ಕಟ್ಟೋಣ. ದಾರ ನನ್ನ ಹತ್ತಿರ ಇದೆ. ಮಾರ್ಕರ್ ಮಾತ್ರ ನೀನು ತಾ, ನನ್ನದು ಒಣಗಿಹೋಗಿದೆ.